ಕಣ್ಣಲ್ಲೇ ಎಳೆದ ಗೆರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕೂತಲ್ಲೇ ಒಂದು ಕೆಲಸ ಮಾಡಿ ನೋಡಿ. ಎದುರಿಗಿರುವ ಗೋಡೆಯ ಮೇಲೆ ಬರೀ ಕಣ್ಣಲ್ಲಿ ಒಂದು ಸೊನ್ನೆ ಬರೆಯಿರಿ. ತಲೆ ಅಲ್ಲಾಡಬಾರದು, ಬೆರಳೂ ಆಡಬಾರದು. ದುಂಡಗೆ ಬರಲಿಲ್ಲ, ಅಲ್ವಾ? ಸುಮ್ನೆ ಗೋಡೆ ನೋಡುವಾಗ ನಮ್ಮ ಕಣ್ಣು ಗೆರೆ ಎಳೆದಂತೆ ಸಾಗುವುದಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಚಂಗನೆ ಹಾರುತ್ತದೆ. ಹೀಗೆ ಹಾರುವ ಕಣ್ಣಿನಿಂದಲೇ ಮತ್ತೆ ಗ್ರಾಫಿಟಿ, ಅಂದರೆ ಬೀದಿಯ ಗೋಡೆಗಳ ಮೇಲಿನ ಬಣ್ಣದ ಬರಹ, ಬರೆದವರೊಬ್ಬರ ಬಗ್ಗೆ ಇವತ್ತು ಮಾತಾಡುತ್ತೇನೆ.

ಅವರ ಹೆಸರು ಟೋನಿ ಕ್ವಾನ್. ಅಮೆರಿಕದ ಲಾಸ್ ಏಂಜಲೀಸಿನವರು. ಅಲ್ಲಿನ ಗೋಡೆಗಳ ಮೇಲೆ ಅವರ ಹೆಸರು ಟೆಂಪ್ಟ್ ಒನ್. 1980ರ ದಶಕದಿಂದಲೇ ಗ್ರಾಫಿಟಿ ಬರೆದವರು. 'ಬರೆದವರು' ಅಂತ ಬೇಕೆಂದೇ ಹೇಳಿದೆ. ಈ ಕಲೆಯವರು ತಮ್ಮನ್ನು ರೈಟರ್ ಅಂತಲೇ ಕರೆದುಕೊಳ್ಳುತ್ತಾರೆ. ಅವರು ಬರೆಯುವುದು ಅಕ್ಷರ, ಅದೂ ಹೆಚ್ಚಾಗಿ ತಮ್ಮದೇ ಹೆಸರಿನ ಅಕ್ಷರ. ಲಾಸ್ ಏಂಜಲೀಸಿನಲ್ಲಿ ಮೆಕ್ಸಿಕನ್ ಮೂಲದವರ ಕೇರಿಗಳಲ್ಲಿ ಚೋಲೋ ಅನ್ನುವ ಬರವಣಿಗೆ ಮೊದಲಿನಿಂದಲೂ ಇತ್ತು. ನೆಟ್ಟಗೆ ನಿಂತ, ಮೂಲೆ ಮೂಲೆಯಾದ ಅಕ್ಷರ ಅದು. ನ್ಯೂಯಾರ್ಕಿನ ರೈಲುಗಳ ಮೇಲೆ ಬೆಳೆದದ್ದೇ ಬೇರೆ. ಅಲ್ಲಿ ಅಕ್ಷರಗಳು ಬಾಗಿ, ಬಳುಕಿ, ಒಂದಕ್ಕೊಂದು ಹೆಣೆದುಕೊಂಡು ಓಡುತ್ತವೆ. ಟೆಂಪ್ಟ್ ಇವೆರಡನ್ನೂ ಬೆರೆಸಿ ತಮ್ಮ ಊರಿನದೇ ಆದ ಶೈಲಿ ಕಟ್ಟಿದವರಲ್ಲಿ ಒಬ್ಬರು.

ಇದು ಬರೀ ಬೆರಳಿನ ಕೆಲಸವಲ್ಲ. ಬಣ್ಣದ ಡಬ್ಬಿ ಹಿಡಿದ ತೋಳನ್ನು ಭುಜದಿಂದಲೇ ಬೀಸಬೇಕು. ದೊಡ್ಡ ಗೆರೆಯಾದರೆ ಜೊತೆಗೆ ಕಾಲೂ ನಡೆಯಬೇಕು. ಕೈ ಒಂದು ಕ್ಷಣ ತಡೆದರೆ ಬಣ್ಣ ಸೋರಿ ಕೆಳಗಿಳಿಯುತ್ತದೆ.

2003ರಲ್ಲಿ ಅವರಿಗೆ ಎಎಲ್‌ಎಸ್ ಇರುವುದು ಗೊತ್ತಾಯಿತು. ಸ್ನಾಯುಗಳನ್ನು ಆಡಿಸುವ ನರಕೋಶಗಳೇ ಸಾಯುತ್ತಾ ಹೋಗುವ ಕಾಯಿಲೆ. ಕೈ ಹೋಯಿತು, ಕಾಲು ಹೋಯಿತು, ಮಾತೂ ಹೋಯಿತು. ಉಸಿರಾಟಕ್ಕೆ ಯಂತ್ರ ಬಂತು. ಬುದ್ಧಿ ಮಾತ್ರ ಚುರುಕಾಗಿಯೇ ಇತ್ತು. ಈ ಕಾಯಿಲೆ ಸಾಮಾನ್ಯವಾಗಿ ಕಣ್ಣಿನ ಸ್ನಾಯುಗಳ ತಂಟೆಗೆ ಬೇಗ ಹೋಗುವುದಿಲ್ಲ, ಹಾಗಾಗಿ ಕಣ್ಣು ಆಡುತ್ತಿತ್ತು. ಮನೆಯವರು ಅಕ್ಷರಗಳ ಹಾಳೆ ಹಿಡಿದು ಒಂದೊಂದನ್ನೇ ತೋರಿಸುತ್ತಿದ್ದರು. ಬೇಕಾದ ಅಕ್ಷರ ಬಂದಾಗ ಅವರು ರೆಪ್ಪೆ ಮಿಟುಕಿಸುತ್ತಿದ್ದರು. ಗೋಡೆಯ ಮೇಲೆ ಅಕ್ಷರ ಕುಣಿಸಿದವರು ಹೀಗೆ ಒಂದೊಂದು ಅಕ್ಷರಕ್ಕೂ ಕಾಯುತ್ತಾ ಮಲಗಿದ್ದರು. ನೆನೆದರೆ ಕರುಳು ಚುರುಕ್ ಅನ್ನುತ್ತದೆ.

2009ರಲ್ಲಿ ಮಿಕ್ ಎಬೆಲಿಂಗ್ ಅನ್ನುವವರು ಒಂದು ತಂಡ ಸೇರಿಸಿದರು. ಇವಾನ್ ರಾತ್, ಝ್ಯಾಕ್ ಲೀಬರ್ಮನ್ ಹೀಗೆ ಕಲೆಯನ್ನೂ ಕಂಪ್ಯೂಟರನ್ನೂ ಬಲ್ಲವರು ಅದರಲ್ಲಿದ್ದರು. ಅಗ್ಗದ ಕನ್ನಡಕದ ಚೌಕಟ್ಟು, ತಂತಿ, ವಿಡಿಯೋ ಗೇಮಿನ ಕ್ಯಾಮೆರಾ, ಅತಿಗೆಂಪು ಬೆಳಕಿನ ಪುಟ್ಟ ಎಲ್‌ಇಡಿಗಳು. ಎಲ್ಲ ಸೇರಿ ಸುಮಾರು 50 ಡಾಲರಿನ ಸಾಮಾನು. ಆ ಬೆಳಕಿನಲ್ಲಿ ಕಣ್ಣಿನ ಪಾಪೆ ಕಪ್ಪು ಚುಕ್ಕಿಯಾಗಿ ಎದ್ದು ಕಾಣುತ್ತದೆ. ಆ ಚುಕ್ಕಿ ಎತ್ತ ತಿರುಗಿತು ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಇದಕ್ಕೆ ಐರೈಟರ್ ಅಂತ ಹೆಸರಿಟ್ಟರು. ತಯಾರಿಸುವ ವಿಧಾನ, ಸಾಫ್ಟ್‌ವೇರ್ ಎರಡನ್ನೂ ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟುಬಿಟ್ಟರು.

ಆದರೆ ಕಣ್ಣು ಹಾರುತ್ತದಲ್ಲ, ಗೆರೆ ಬರುವುದು ಹೇಗೆ? ತಂಡದವರು ಕಣ್ಣನ್ನು ಪಳಗಿಸಲು ಹೋಗಲೇ ಇಲ್ಲ. ಒಂದು ಕಡೆ ನೋಟ ನೆಟ್ಟರೆ ಅಲ್ಲೊಂದು ಚುಕ್ಕಿ. ಮುಂದಿನ ಕಡೆ ನೆಟ್ಟರೆ ಇನ್ನೊಂದು. ನಡುವಿನ ಗೆರೆಯನ್ನು ಕಂಪ್ಯೂಟರ್ ಎಳೆಯುತ್ತದೆ.

ಈ ತಂಡ ನನಗೆ ಇಷ್ಟವಾಗುವುದು ಇನ್ನೊಂದು ಕಾರಣಕ್ಕೆ. ಹಾಸಿಗೆ ಹಿಡಿದವರಿಗೆ ಏನು ಬೇಕು ಅಂದರೆ ನಮಗೆ ನೀರು, ಔಷಧಿ, ಹೊದಿಕೆ ಇಷ್ಟೇ ತೋಚುತ್ತದೆ. ಇವರು ಟೆಂಪ್ಟ್‌ಗೆ ಬರೆಯುವುದು ಬೇಕು ಅಂತ ಯೋಚಿಸಿದರು.

ಟೆಂಪ್ಟ್ ಮೊದಲು ಆಸ್ಪತ್ರೆಯ ಕೋಣೆಯಲ್ಲೇ ಬರೆದರು. ಆಮೇಲೆ ತಂಡಕ್ಕೆ ಅವರು ತಿಳಿಸಿದ ಮಾತಿನ ಅರ್ಥ ಹೀಗಿತ್ತು. 7 ವರ್ಷಗಳಲ್ಲಿ ಏನಾದರೂ ಬರೆದದ್ದು ಇದೇ ಮೊದಲು. ನೀರಿನೊಳಗೆ ಅದುಮಿ ಹಿಡಿದಿದ್ದ ತಲೆಯನ್ನು ಕೊನೆಗೂ ಯಾರೋ ಮೇಲಕ್ಕೆತ್ತಿ, ಉಸಿರು ತೆಗೆದುಕೊಂಡ ಹಾಗಾಯಿತು.

ಅವರನ್ನು ಹೊರಗೆ ಕರೆದುಕೊಂಡು ಹೋಗುವಂತಿರಲಿಲ್ಲ. ಹಾಗಾಗಿ ಅವರ ಗೆರೆಗಳನ್ನೇ ಹೊರಗೆ ತಂದರು. ಆಸ್ಪತ್ರೆಯ ಪಾರ್ಕಿಂಗ್ ಜಾಗದ ಗೋಡೆಗೆ ಪ್ರೊಜೆಕ್ಟರ್ ಹಿಡಿದರು. ಒಳಗೆ ಅವರ ನೋಟ ಒಂದು ಕಡೆ ನಿಂತರೆ ಹೊರಗಿನ ಗೋಡೆಯ ಮೇಲೆ ಚುಕ್ಕಿ ಬೀಳುತ್ತಿತ್ತು. ಚುಕ್ಕಿಗೆ ಚುಕ್ಕಿ ಕೂಡಿ ಅಕ್ಷರ ಎದ್ದು ನಿಲ್ಲುತ್ತಿತ್ತು. ಅಷ್ಟು ವರ್ಷ ಹಾಳೆ ಹಿಡಿದು ಅಕ್ಷರ ತೋರಿಸಿದ ಮನೆಯವರು ಆ ರಾತ್ರಿ ಗೆಳೆಯರ ಜೊತೆ ಕೆಳಗೆ ನಿಂತು, ಅವರು ಬರೆಯುವುದನ್ನು ನೋಡಿದರು.