ತೋಟೆ ಕೂರದಿದ್ದರೆ ಒತ್ತಬೇಡಿ

ಕೇಳುಗರಿಗೆ ನಮಸ್ಕಾರ.

ಕಾಸರಗೋಡಿನ ಬದಿಯಡ್ಕ, ಎಣ್ಮಕಜೆ, ದೇಲಂಪಾಡಿ ಕಡೆಯ ಕೃಷಿಕರಿಗೆ ಕಾಡುಹಂದಿಯ ಕಾಟ ನಾನು ಹೇಳಿ ಗೊತ್ತಾಗಬೇಕಿಲ್ಲ. ರಾತ್ರಿ ಬೆಳಗಾಗುವುದರೊಳಗೆ ಮರಗೆಣಸಿನ ಸಾಲು ಬುಡಮೇಲು. ಹಂದಿಯನ್ನು ಕೊಲ್ಲಲು ಆದೇಶ ಕೊಡುವ ಅಧಿಕಾರವನ್ನು ಕೇರಳ ಸರಕಾರ 2022ರಲ್ಲಿ ಪಂಚಾಯತು ಅಧ್ಯಕ್ಷರಿಗೆ ಕೊಟ್ಟಿತು. ಲೈಸೆನ್ಸ್ ಇರುವ ಕೋವಿಗಳಿಗೆ ಮತ್ತೆ ಕೆಲಸ ಬಂತು. ಆದರೆ ಅದರೊಳಗೆ ಹಾಕುವ ತೋಟೆಯನ್ನು ನೋಡಿ ಹಾಕುವವರು ಕಡಿಮೆ. ಹಾಗಾಗಿ ಇವತ್ತಿನ ಮಾತು ಅದರದ್ದೇ.

ಬೋರ್ ಅಂದರೆ ನಳಿಗೆಯ ತೂತಿನ ಅಳತೆ. 12 ಬೋರಿನ ತೋಟೆ ಬೆರಳಿನಿಂದ ಮೆಲ್ಲಗೆ ದೂಡಿದರೆ ಸಲೀಸಾಗಿ ಕೂರಬೇಕು. ಅರ್ಧಕ್ಕೆ ನಿಂತರೆ ಹೆಬ್ಬೆರಳಿನಿಂದ ಒತ್ತಬೇಡಿ, ಕೋವಿಯನ್ನು ಜೋರಾಗಿ ಮುಚ್ಚಿ ಕೂರಿಸಲೂ ಬೇಡಿ. ಹೊರಗೆ ತೆಗೆದು ಬೆಳಕಿಗೆ ಹಿಡಿಯಿರಿ. ಹಳೆಯ ಕಾಗದದ ತೋಟೆಯಾದರೆ ಆಟಿ ತಿಂಗಳ ಮಳೆಯ ತೇವಕ್ಕೆ ಉಬ್ಬಿರುತ್ತದೆ. ಪ್ಲಾಸ್ಟಿಕ್ ಉಬ್ಬುವುದಿಲ್ಲ, ಆದರೆ ಅದರ ಬುಡದ ಹಿತ್ತಾಳೆಯಲ್ಲಿ ಹಸಿರು ಕಿಲುಬು ಕಾಣಬಹುದು. ಎರಡನ್ನೂ ಬದಿಗಿಡಿ. ಒಣಗಲಿ ಅಂತ ಒಲೆಯ ಮೇಲಿನ ಅಟ್ಟದಲ್ಲಿ ಇಡುವುದಂತೂ ಬೇಡವೇ ಬೇಡ. ಬಿಸಿಯೂ ಒಳಗಿನ ಸಿಡಿಮದ್ದನ್ನು ಕೆಡಿಸುತ್ತದೆ.

ಸಲೀಸಾಗಿ ಕೂತ ತೋಟೆಯೂ ಕೆಲವೊಮ್ಮೆ ಮೋಸ ಮಾಡುತ್ತದೆ. ಅಜ್ಜಂದಿರ ಕಾಲದ ಎಷ್ಟೋ ಕೋವಿಗಳ ನಳಿಗೆ 65 ಮಿಲಿಮೀಟರಿನ ತೋಟೆಗೆ ಮಾಡಿದ್ದು. ಈಗ ಸಿಗುವುದು ಹೆಚ್ಚಾಗಿ 70ರದ್ದು. ಆ ಅಳತೆ ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡ ತೋಟೆಯದ್ದು. ಬಾಯಿ ಮಡಚಿರುವಾಗ ಅದು ಗಿಡ್ಡ, ಹಾಗಾಗಿ ಒಳಗೆ ಹೋಗುತ್ತದೆ. ಹೊಡೆದಾಗ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆಯ ಅಡಿಭಾಗದಲ್ಲಿ ಅಳತೆ ಕೊರೆದಿದ್ದರೆ ಓದಿ ನೋಡಿ. ಇಲ್ಲದಿದ್ದರೆ ಲೈಸೆನ್ಸ್ ಇರುವ ರಿಪೇರಿಯವರಲ್ಲಿ ಅಳೆಸಿ. 20 ಬೋರಿನ ತೋಟೆಯನ್ನು 12ರ ಜೊತೆ ಒಂದೇ ಜೇಬಿನಲ್ಲಿ ಹಾಕಲೇಬೇಡಿ. 20ರದ್ದು 12ಕ್ಕಿಂತ ಸಪೂರ, ಹಾಗಾಗಿ ಜಾರಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ಇನ್ನೊಂದು ಹಾಕಿ ಹೊಡೆದರೆ ನಳಿಗೆ ಒಡೆದು ಕೈಯೇ ಹೋದೀತು.

ಕೋವಿಯ ಕುದುರೆ ಎಳೆದಿರಿ, ಟಕ್ ಅಂತು, ಈಡು ಸಿಡಿಯಲಿಲ್ಲ. ಆಗ ಕೋವಿ ಬಿಚ್ಚುವ ಅವಸರ ಬೇಡ. ಯಾರೂ ಇಲ್ಲದ ಕಡೆಗೆ ನಳಿಗೆಯ ಬಾಯಿ ಮಾಡಿ ಅರ್ಧ ನಿಮಿಷವಾದರೂ ಹಾಗೇ ಹಿಡಿದಿರಿ. ತೇವ ಹಿಡಿದ ಮದ್ದು ತಡವಾಗಿ ಸಿಡಿಯುವುದುಂಟು. ಆಮೇಲೆ ತೆಗೆದು ತೋಟೆಯ ಬುಡದ ಕ್ಯಾಪ್, ಅಂದರೆ ಮದ್ದಿಗೆ ಕಿಡಿ ಕೊಡುವ ಪುಟ್ಟ ಬಿಲ್ಲೆ, ನೋಡಿ. ಅದರಲ್ಲಿ ಕೋವಿಯ ಮೊಳೆ ಬಡಿದ ಗುಳಿ ಆಳವಾಗಿದ್ದರೆ ದೋಷ ಹೆಚ್ಚಾಗಿ ತೋಟೆಯದ್ದು. ಗುಳಿ ಬರೇ ಗೀರಿದ ಹಾಗಿದ್ದರೆ ಸ್ಪ್ರಿಂಗ್ ಸೋತಿದೆ, ಇಲ್ಲವೇ ಹಳೆ ಗ್ರೀಸ್ ಅಂಟಿಕೊಂಡಿದೆ ಅಂತ ಲೆಕ್ಕ. ಸದ್ದು ಪುಸ್ ಅಂತ ಬಂದರೆ ಇನ್ನೂ ಅಪಾಯ, ತೋಟೆಯ ಒಳಗಿನದ್ದು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಕೋವಿ ಖಾಲಿ ಮಾಡಿ, ನಳಿಗೆಯ ಆಚೆ ಬದಿಯ ಬೆಳಕು ಪೂರ್ತಿ ಕಾಣುವವರೆಗೆ ಎರಡನೆಯದು ಹಾಕಬೇಡಿ.

ಕೆಟ್ಟ ತೋಟೆಯನ್ನು ಬಿಚ್ಚಿ ಮನೆಯಲ್ಲೇ ಮತ್ತೆ ತುಂಬುವ ಯೋಚನೆ ಬಿಡಿ. ಲೈಸೆನ್ಸ್ ಇಲ್ಲದೆ ತೋಟೆ ತಯಾರಿಸುವುದು 1959ರ ಆಯುಧ ಕಾಯಿದೆಯ ಪ್ರಕಾರ ಅಪರಾಧ. ಅದಕ್ಕಿಂತ ಮೊದಲು, ಮದ್ದು ಚೂರು ಜಾಸ್ತಿಯಾದರೆ ಎದುರಿಗಿರುವುದು ನಿಮ್ಮದೇ ಮುಖ, ಅಲ್ವಾ? ಕೆಟ್ಟದ್ದನ್ನು ಬೇರೆ ಡಬ್ಬಿಯಲ್ಲಿಟ್ಟು, ಏನು ಮಾಡಬೇಕೆಂದು ಠಾಣೆಯಲ್ಲಿ ಇಲ್ಲವೇ ಮಾರಿದ ಅಂಗಡಿಯಲ್ಲಿ ಕೇಳಿ.

ಚುನಾವಣೆಯ ಹೊತ್ತಿಗೆ ಠಾಣೆಗೆ ಒಪ್ಪಿಸಿದ ಕೋವಿ ವಾಪಸು ಬಂದಾಗಲೂ ಹೀಗೇ. ಮೊದಲು ನಳಿಗೆಯಲ್ಲಿ ಒಣ ಬಟ್ಟೆ ಎಳೆಯಿರಿ. ಬಟ್ಟೆಯಲ್ಲಿ ತುಕ್ಕಿನ ಕೆಂಪು ಕಂಡರೆ ಆ ಕೋವಿ ಅಂದೇ ತೋಟಕ್ಕಲ್ಲ, ರಿಪೇರಿಗೆ ಹೋಗಲಿ.

ನಮಸ್ಕಾರ.