ರೆಸಿಡೆನ್ಸಿ ಮ್ಯಾಚ್: ಆ ಕವರ್ ಒಳಗಿನ ಲೆಕ್ಕ

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರೋರು ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ. ನಂಗೆ ಮಾತಾಡೋಕೆ ಕೊಟ್ಟಿರೋದು ಅಮೆರಿಕದ ರೆಸಿಡೆನ್ಸಿ ಮ್ಯಾಚ್ ಬಗ್ಗೆ. ಅಂದ್ರೆ ಮೆಡಿಕಲ್ ಓದು ಮುಗಿದ್ಮೇಲೆ ಆಸ್ಪತ್ರೆಲಿ ಟ್ರೈನಿಂಗ್ ಮಾಡೋ ಸೀಟು (ಅದೇ ರೆಸಿಡೆನ್ಸಿ) ಯಾರಿಗೆ ಎಲ್ಲಿ ಅಂತ, ಹುಡುಗರೂ ಆಸ್ಪತ್ರೆ ಪ್ರೋಗ್ರಾಂಗಳೂ ಇಷ್ಟದ ಕ್ರಮದಲ್ಲಿ ಬರೆದುಕೊಟ್ಟ ಲಿಸ್ಟ್‌ಗಳನ್ನ ಹೊಂದಿಸಿ ಹಂಚೋ ವ್ಯವಸ್ಥೆ. ಇಲ್ಲಿ ಮೂರನೇ ವರ್ಷ ನಾಲ್ಕನೇ ವರ್ಷದ ಮೆಡಿಕಲ್ ಸ್ಟೂಡೆಂಟ್ಸ್ ಇದೀರ, ಅವರ ಅಪ್ಪ ಅಮ್ಮಂದಿರಿದೀರ, ಊರಲ್ಲಿ ಎಂಬಿಬಿಎಸ್ ಮುಗಿಸ್ಕೊಂಡು ಬಂದು ಯುಎಸ್‌ಎಂಎಲ್‌ಇ (ಅಮೆರಿಕದ ಡಾಕ್ಟರ್ ಲೈಸೆನ್ಸ್ ಪರೀಕ್ಷೆ) ಬರೀತಿರೋರೂ ಒಂದಿಬ್ರು ಕಾಣ್ತಿದಾರೆ. ಎಲ್ಲರಿಗೂ ಸೇರಿ ಹೇಳೋಕೆ ನನ್ನ ಹತ್ರ ಇರೋದು ಒಂದೇ ಮಾತು, ಅದನ್ನ ಈಗ್ಲೇ ಹೇಳ್ಬಿಡ್ತೀನಿ, ಆಮೇಲೆ ನಿದ್ದೆ ಬಂದ್ರೂ ನಷ್ಟ ಇಲ್ಲ. ರ‍್ಯಾಂಕ್ ಲಿಸ್ಟಲ್ಲಿ ನಿಮಗೆ ಎಲ್ಲಿಗೆ ಹೋಗೋಕೆ ಇಷ್ಟನೋ ಅದೇ ಕ್ರಮದಲ್ಲಿ ಬರೀರಿ, "ಅವ್ರು ನನ್ನ ತಗೋತಾರೋ ಇಲ್ವೋ" ಅಂತ ಲೆಕ್ಕ ಹಾಕಿ ಮೇಲೆ ಕೆಳಗೆ ಮಾಡೋಕೆ ಹೋಗ್ಬೇಡಿ. ಸುಮ್ನೆ ಸಮಾಧಾನಕ್ಕೆ ಹೇಳ್ತಿಲ್ಲ, ಇದಕ್ಕೆ ಗಣಿತದ ಪ್ರೂಫ್ ಇದೆ, ಅದರ ಹಿಂದೆ 1951ರ ಹುಡುಗರ ಒಂದು ಜಗಳಾನೂ ಇದೆ.

ಮೊದ್ಲು ಗೊತ್ತಿಲ್ದೇ ಇರೋರಿಗೆ ಆ ವಾರ ಹೇಗಿರತ್ತೆ ಅಂತ ಹೇಳ್ತೀನಿ. ಮಾರ್ಚ್ ತಿಂಗಳ ಮೂರನೇ ಶುಕ್ರವಾರ ಮ್ಯಾಚ್ ಡೇ. ಈಸ್ಟರ್ನ್ ಟೈಮ್ ಮಧ್ಯಾಹ್ನ 12 ಗಂಟೆಗೆ ಇಡೀ ದೇಶದಲ್ಲಿ ಒಟ್ಟಿಗೆ ರಿಸಲ್ಟ್. ಕಾಲೇಜಿನ ಹಾಲಲ್ಲಿ ಟೇಬಲ್ ಮೇಲೆ ಹೆಸರಿನ ಪ್ರಕಾರ ಕವರ್ ಜೋಡ್ಸಿರ್ತಾರೆ, ಅಜ್ಜಿ ತಾತ ಎಲ್ಲ ಬಂದಿರ್ತಾರೆ, ಡೀನ್ ಏನೋ ಭಾಷಣ ಮಾಡ್ತಿರ್ತಾರೆ ಯಾರೂ ಕೇಳಿಸ್ಕೊಳ್ತಿರಲ್ಲ, ಹತ್ತು ಒಂಬತ್ತು ಎಂಟು ಅಂತ ಕೂಗಿ ಮುಗಿಸೋದ್ರೊಳಗೆ ಕವರ್ ಹರಿಯೋ ಸದ್ದು. ಕೆಲವರು ಅಂಚು ಹಿಡ್ಕೊಂಡು ನಾಜೂಕಾಗಿ ತೆಗೀತಾರೆ, ಕೆಲವರು ಕೈ ನಡುಗಿ ಅಮ್ಮನ ಕೈಗೆ ಕೊಡ್ತಾರೆ, ಅಮ್ಮ ಕನ್ನಡಕ ಹುಡುಕ್ತಾರೆ. ಒಳಗಿರೋದು ಒಂದೇ ಹಾಳೆ. ಅದರಲ್ಲಿ ಹುಡುಗನ ಹೆಸರು, ಪ್ರೋಗ್ರಾಂ ಹೆಸರು, ಊರು, ಸ್ಪೆಷಾಲಿಟಿ, ಅಷ್ಟೇ. ಫ್ಯಾಮಿಲಿ ಮೆಡಿಸಿನ್ ಆದ್ರೆ ಮುಂದಿನ 3 ವರ್ಷ ಆ ಊರಲ್ಲಿ, ಜನರಲ್ ಸರ್ಜರಿ ಆದ್ರೆ 5, ನ್ಯೂರೋಸರ್ಜರಿ ಆದ್ರೆ 7.

ವಿಡಿಯೋಗಳಲ್ಲಿ ನೀವು ನೋಡೋದು ಈ ಶುಕ್ರವಾರ. ನನ್ನ ಕೇಳಿದ್ರೆ ಜೀವ ಹಿಡಿಯೋ ದಿನ ಸೋಮವಾರ. ಅವತ್ತು ಬೆಳಗ್ಗೆ ಒಂದು ಇಮೇಲ್ ಬರತ್ತೆ, ಮ್ಯಾಚ್ ಆಯ್ತಾ ಇಲ್ವಾ ಅನ್ನೋದು ಮಾತ್ರ ಇರತ್ತೆ ಅದರಲ್ಲಿ, ಎಲ್ಲಿ ಅಂತ ಇರಲ್ಲ. ಆಗಿಲ್ಲ ಅಂದೋರಿಗೆ ಆ ವಾರ ಹಬ್ಬ ಅಲ್ಲ. ಭರ್ತಿ ಆಗ್ದೇ ಉಳಿದಿರೋ ಸೀಟುಗಳ ಪಟ್ಟಿ ಬಿಡ್ತಾರೆ, 45 ಪ್ರೋಗ್ರಾಂವರೆಗೆ ಅರ್ಜಿ ಹಾಕ್ಬಹುದು, ಅವ್ರಾಗೇ ಕರೆಯೋವರೆಗೂ ಫೋನ್ ಮಾಡೋ ಹಾಗಿಲ್ಲ, ಗುರುವಾರ ಸುತ್ತು ಸುತ್ತಾಗಿ ಆಫರ್ ಬರತ್ತೆ, ಒಂದು ಆಫರ್‌ಗೆ ಹೂಂ ಅನ್ನೋಕೆ ಎರಡು ಗಂಟೆ ಟೈಮು. ಇದಕ್ಕೆ ಸೋಪ್ ಅಂತಾರೆ, 2012ರಲ್ಲಿ ಬಂತು. ಅದಕ್ಕೆ ಮುಂಚೆ ಸ್ಕ್ರಾಂಬಲ್ ಅಂತಿತ್ತು, ಫೋನು ಫ್ಯಾಕ್ಸು ಹಿಡ್ಕೊಂಡು ಇಡೀ ದೇಶ ಒಟ್ಟಿಗೆ ಡಯಲ್ ಮಾಡ್ತಿತ್ತು, ಹೆಸರೇ ಹೇಳತ್ತಲ್ಲ.

ಈ ಎರಡು ಗಂಟೆ ಅನ್ನೋದನ್ನ ನೆನಪಲ್ಲಿಟ್ಕೊಳ್ಳಿ, ಯಾಕಂದ್ರೆ ಒಂದು ಕಾಲದಲ್ಲಿ ಎಲ್ಲರ ಕಥೆನೂ ಇದೇ ಆಗಿತ್ತು.

1920, 30ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಇಂಟರ್ನ್ ಸೀಟು ಜಾಸ್ತಿ, ಪಾಸಾಗಿ ಬರೋ ಹುಡುಗರು ಕಮ್ಮಿ. ಒಳ್ಳೆ ಹುಡುಗರನ್ನ ಬೇರೆ ಆಸ್ಪತ್ರೆ ಹಾರಿಸ್ಕೊಂಡು ಹೋಗೋಕೆ ಮುಂಚೆ ನಾವೇ ಹಿಡಿಯೋಣ ಅಂತ ಒಬ್ರಿಗಿಂತ ಒಬ್ರು ಮುಂಚೆ ಆಫರ್ ಕೊಡೋಕೆ ಶುರು ಮಾಡಿ, 1940ರ ದಶಕದ ಹೊತ್ತಿಗೆ ಓದು ಮುಗಿಯೋಕೆ ಎರಡು ವರ್ಷ ಇರೋವಾಗ್ಲೇ ಸೀಟು ಫಿಕ್ಸ್ ಆಗ್ತಿತ್ತು. ಹುಡುಗ ಇನ್ನೂ ವಾರ್ಡಲ್ಲಿ ಸರಿಯಾಗಿ ರೋಗಿ ಮುಖ ನೋಡಿರ್ತಿರ್ಲಿಲ್ಲ, ಆಗ್ಲೇ ಕರಾರು. 1945ರಲ್ಲಿ ಕಾಲೇಜುಗಳು ಸೇರ್ಕೊಂಡು, ಇಂಥ ತಾರೀಖಿನವರೆಗೆ ಯಾರ ಮಾರ್ಕ್ಸು ಶಿಫಾರಸು ಪತ್ರ ಏನೂ ಹೊರಗೆ ಬಿಡಲ್ಲ ಅಂತ ಪಟ್ಟು ಹಿಡಿದ್ವು. ತಾರೀಖೇನೋ ನಿಂತ್ಕೊಂಡ್ತು, ಆದ್ರೆ ಜಗಳ ಬೇರೆ ಕಡೆ ತಿರುಗ್ತು. ಆಫರ್ ಬಂದ್ಮೇಲೆ ಉತ್ತರ ಕೊಡೋಕೆ ಎಷ್ಟು ಟೈಮು? ಮೊದ್ಲು 10 ದಿನ ಇತ್ತು. ಹುಡುಗ ಸಹಜವಾಗಿ ಇನ್ನೂ ಒಳ್ಳೇದು ಬರತ್ತೇನೋ ಅಂತ ಕಾಯ್ತಾನೆ, ಕಾದು ಕೊನೇ ದಿನ ಬೇಡ ಅಂದ್ರೆ ಆಸ್ಪತ್ರೆಗೆ ಸೀಟು ಖಾಲಿ ಉಳೀತು. ಹಾಗಾಗಿ ವರ್ಷ ವರ್ಷ ಗಡುವು ಕಮ್ಮಿ ಮಾಡ್ತಾ ಬಂದು 1949ರ ಹೊತ್ತಿಗೆ 12 ಗಂಟೆ ಕೊಟ್ರೂ ಜಾಸ್ತಿ ಆಯ್ತು ಅಂತ ಆಸ್ಪತ್ರೆ ಕಡೆಯೋರು ಒಪ್ಪಲಿಲ್ಲ. ಟೆಲಿಗ್ರಾಂ ಬರತ್ತೆ, ನಿಂತ ನಿಲುವಲ್ಲಿ ಹೂಂ ಅಥವಾ ಉಹೂಂ.

ಸಾಕಾಗಿ ಹೋಗಿ, ಎರಡೂ ಕಡೆಯೋರು ಲಿಸ್ಟ್ ಕೊಡಿ, ಒಂದು ಕಡೆ ಕೂತು ಹೊಂದಿಸೋಣ ಅಂದ್ರು. ಈಗ ಜಗಳಕ್ಕೆ ಬರ್ತೀನಿ. ಮೊದ್ಲು ಪ್ರಯೋಗಕ್ಕೆ ಇಟ್ಟ ಲೆಕ್ಕದ ವಿಧಾನ ಹೇಗಿತ್ತು ಅಂದ್ರೆ, ನೀವು ಒಂದನೇ ನಂಬರ್ ಹಾಕಿದ ಆಸ್ಪತ್ರೆಗಳನ್ನ ಮೊದ್ಲು ನೋಡೋದು, ಅಲ್ಲಿ ಕೂಡಿಬಂದ್ರೆ ಸೀಟು ಅಲ್ಲೇ ಕ್ಲೋಸು, ಆಮೇಲೆ ಎರಡನೇ ನಂಬರ್. ಕೇಳೋಕೆ ನ್ಯಾಯವಾಗೇ ಇದೆ ಅಲ್ವಾ? ಆದ್ರೆ ನೀವು ಧೈರ್ಯ ಮಾಡಿ ದೊಡ್ಡ ಆಸ್ಪತ್ರೆನ ಮೊದ್ಲು ಬರೆದು ಅದು ಸಿಗ್ಲಿಲ್ಲ ಅಂದ್ರೆ, ಎರಡನೇದಕ್ಕೆ ಬರೋಷ್ಟರಲ್ಲಿ ಅದನ್ನ ಮೊದ್ಲು ಬರೆದಿದ್ದ ನಿಮಗಿಂತ ಕೆಳಗಿನೋರು ತಗೊಂಡು ಹೋಗಿರ್ತಿದ್ರು. ಅಂದ್ರೆ ನಿಜ ಬರೆದೋನಿಗೆ ದಂಡ. ಇದನ್ನ ಕಂಡುಹಿಡಿದೋರು ವಿದ್ಯಾರ್ಥಿಗಳು. ಹಾರ್ವರ್ಡಲ್ಲಿ ಓದ್ತಿದ್ದ ಹಾರ್ಡಿ ಹೆಂಡ್ರೆನ್ ಅನ್ನೋ ಹುಡುಗ, ಮುಂದೆ ಬಾಸ್ಟನ್‌ನಲ್ಲಿ ಮಕ್ಕಳ ಸರ್ಜರಿಯಲ್ಲಿ ದೊಡ್ಡ ಹೆಸರು ಮಾಡಿದೋರು, ಅವರ ಮುಂದಾಳತ್ವದಲ್ಲಿ ಬೇರೆ ಬೇರೆ ಕಾಲೇಜಿನೋರು ಸೇರ್ಕೊಂಡು ಈ ವಿಧಾನ ಬೇಡ, ಬದಲಾಯಿಸಿ ಅಂತ ಕೂತ್ರು. ಬದಲಾಯಿಸಿದ್ರು ಕೂಡ. 1952ರಲ್ಲಿ ಮೊದಲ ಮ್ಯಾಚ್ ನಡೆದಿದ್ದು ತಿದ್ದಿದ ವಿಧಾನದಲ್ಲೇ. ಇಪ್ಪತ್ತು ಚಿಲ್ಲರೆ ವಯಸ್ಸಿನ ಹುಡುಗರು, ಅದೂ ಆಗಿನ ಕಾಲದ ಮೆಡಿಕಲ್ ಕಾಲೇಜಿನ ಶಿಸ್ತಲ್ಲಿ, ದೊಡ್ಡೋರ ಲೆಕ್ಕ ತಪ್ಪು ಅಂತ ಹೇಳಿ ಗೆದ್ರು ಅನ್ನೋದು ನಂಗೆ ಇವತ್ತಿಗೂ ಬಲು ಖುಷಿ ಕೊಡೋ ವಿಷಯ.

ಇವತ್ತು ನಡೆಯೋ ಲೆಕ್ಕ ಹೇಗೆ ಅಂತ ಮಾಡಿ ತೋರಿಸ್ತೀನಿ, ಪೆನ್ನಿದ್ರೆ ಬರ್ಕೊಳ್ಳಿ. ಅನು, ರವಿ, ಸ್ಮಿತಾ ಅಂತ ಮೂರು ಜನ. ಬಾಸ್ಟನ್, ಕ್ಲೀವ್‌ಲ್ಯಾಂಡ್, ಹ್ಯೂಸ್ಟನ್‌ನಲ್ಲಿ ಮೂರು ಪ್ರೋಗ್ರಾಂ, ಒಂದೊಂದೇ ಸೀಟು. ಅನು ಬರೆದಿರೋದು ಬಾಸ್ಟನ್, ಆಮೇಲೆ ಕ್ಲೀವ್‌ಲ್ಯಾಂಡ್. ರವಿದು ಕ್ಲೀವ್‌ಲ್ಯಾಂಡ್, ಬಾಸ್ಟನ್, ಹ್ಯೂಸ್ಟನ್. ಸ್ಮಿತಾದು ಬಾಸ್ಟನ್, ಹ್ಯೂಸ್ಟನ್. ಆ ಕಡೆ ಬಾಸ್ಟನ್‌ನೋರ ಲಿಸ್ಟು ಸ್ಮಿತಾ, ರವಿ, ಅನು. ಕ್ಲೀವ್‌ಲ್ಯಾಂಡ್‌ನೋರದು ಅನು, ರವಿ. ಹ್ಯೂಸ್ಟನ್‌ದು ರವಿ, ಸ್ಮಿತಾ. ಕಂಪ್ಯೂಟರ್ ಮೊದ್ಲು ಅನುನ ಬಾಸ್ಟನ್‌ಗೆ ಕಳ್ಸತ್ತೆ, ಸೀಟು ಖಾಲಿ ಇದೆ, ಸದ್ಯಕ್ಕೆ ಕೂತ್ಕೋ ಅಂತಾರೆ. ಸದ್ಯಕ್ಕೆ ಅನ್ನೋ ಮಾತಲ್ಲೇ ಎಲ್ಲಾ ಇರೋದು. ರವಿ ಕ್ಲೀವ್‌ಲ್ಯಾಂಡ್‌ಗೆ ಹೋಗ್ತಾನೆ, ಅವನೂ ಸದ್ಯಕ್ಕೆ ಅಲ್ಲಿ. ಸ್ಮಿತಾ ಬಾಸ್ಟನ್‌ಗೆ ಬರ್ತಾಳೆ, ಅವ್ರಿಗೆ ಅನುಗಿಂತ ಸ್ಮಿತಾ ಬೇಕು, ಅನು ಎದ್ದಳು. ಅನು ಈಗ ತನ್ನ ಎರಡನೇದಕ್ಕೆ, ಕ್ಲೀವ್‌ಲ್ಯಾಂಡ್‌ಗೆ ಹೋಗ್ತಾಳೆ. ಅಲ್ಲಿ ಆಗ್ಲೇ ರವಿ ಕೂತಿದಾನೆ, ಆದ್ರೆ ಅವ್ರ ಲಿಸ್ಟಲ್ಲಿ ಅನು ಮೇಲಿದಾಳೆ, ರವಿ ಏಳ್ಬೇಕು. ರವಿ ಬಾಸ್ಟನ್ ಕೇಳ್ತಾನೆ, ಅಲ್ಲಿ ಸ್ಮಿತಾ ಇದಾಳೆ, ಆಗಲ್ಲ. ಹ್ಯೂಸ್ಟನ್‌ಗೆ ಹೋಗ್ತಾನೆ, ಕೂತ. ಮುಗೀತು. ಸ್ಮಿತಾ ಬಾಸ್ಟನ್, ಅನು ಕ್ಲೀವ್‌ಲ್ಯಾಂಡ್, ರವಿ ಹ್ಯೂಸ್ಟನ್.

ಇಲ್ಲಿ ಅನುನ ನೋಡಿ. ಬಾಸ್ಟನ್ ಲಿಸ್ಟಲ್ಲಿ ಅವಳೇ ಕೊನೇಲಿದ್ದಳು, ಗೊತ್ತಿದ್ದಿದ್ರೆ ಯಾರಾದ್ರೂ "ಸುಮ್ನೆ ಯಾಕಮ್ಮ, ಕ್ಲೀವ್‌ಲ್ಯಾಂಡ್ ಮೊದ್ಲು ಹಾಕು, ಸೇಫು" ಅಂತಿದ್ರು. ಆದ್ರೆ ಬಾಸ್ಟನ್ ಕೇಳಿದ್ದಕ್ಕೆ ಅವಳಿಗೆ ಒಂದು ಪೈಸೆ ನಷ್ಟ ಆಗ್ಲಿಲ್ಲ, ತಡವಾಗಿ ಹೋದ್ರೂ ಕ್ಲೀವ್‌ಲ್ಯಾಂಡ್ ಅವಳಿಗೇ ಸಿಕ್ತು. ಎಲ್ಲಾ ಮುಗಿಯೋವರೆಗೂ ಯಾವ ಸೀಟೂ ಖಾಯಂ ಆಗಲ್ಲ, ಅದಕ್ಕೇ. ಮುಗಿದ್ಮೇಲೆ ನಾನು ಇಲ್ಲಿಗಿಂತ ಅಲ್ಲಿದ್ರೆ ಚೆನ್ನಾಗಿತ್ತು ಅಂತ ಹುಡುಗಿಗೂ, ಈಗ ಬಂದಿರೋರಿಗಿಂತ ಅವಳೇ ಬೇಕಿತ್ತು ಅಂತ ಆ ಆಸ್ಪತ್ರೆಗೂ, ಇಬ್ಬರಿಗೂ ಒಟ್ಟಿಗೆ ಅನ್ನಿಸೋ ಜೋಡಿ ಒಂದೂ ಉಳಿದಿರಲ್ಲ. 1962ರಲ್ಲಿ ಡೇವಿಡ್ ಗೇಲ್, ಲಾಯ್ಡ್ ಶೇಪ್ಲಿ ಅನ್ನೋ ಇಬ್ಬರು ಗಣಿತದೋರು ಮದುವೆ ಗಂಡು ಹೆಣ್ಣಿನ ಉದಾಹರಣೆ ಇಟ್ಕೊಂಡು ಇದನ್ನೇ ಪ್ರೂವ್ ಮಾಡಿದ್ರು, ಡಾಕ್ಟರುಗಳು ಹತ್ತು ವರ್ಷದಿಂದ ಹತ್ತಿರ ಹತ್ತಿರ ಅದನ್ನೇ ಮಾಡ್ತಿದಾರೆ ಅಂತ ಅವ್ರ ಪೇಪರಲ್ಲಿ ಇಲ್ಲ. ಅದನ್ನ 1984ರಲ್ಲಿ ತೋರಿಸಿದ್ದು ಆಲ್ವಿನ್ ರಾತ್ ಅನ್ನೋ ಅರ್ಥಶಾಸ್ತ್ರಜ್ಞ. 1952ರಿಂದ ನಡೀತಿದ್ದ ವಿಧಾನದಲ್ಲಿ ಆಸ್ಪತ್ರೆಗಳ ಕಡೆಯಿಂದ ಆಫರ್ ಹೋಗ್ತಿತ್ತು, ರಾತ್ ಮತ್ತೆ ಎಲಿಯಟ್ ಪೆರಾನ್ಸನ್ ಸೇರಿ ಅದನ್ನ ತಿರುಗಿಸಿ ವಿದ್ಯಾರ್ಥಿ ಕಡೆಯಿಂದ ಹೋಗೋ ಹಾಗೆ ಮಾಡಿದ್ರು, 1998ರ ಮ್ಯಾಚ್‌ನಿಂದ ಅದೇ ನಡೀತಿದೆ. 2012ರಲ್ಲಿ ರಾತ್‌ಗೂ ಶೇಪ್ಲಿಗೂ ಅರ್ಥಶಾಸ್ತ್ರದ ನೊಬೆಲ್ ಬಂತು. ಗೇಲ್ ಅಷ್ಟೊತ್ತಿಗೆ ತೀರ್ಕೊಂಡಿದ್ರು.

ಗಂಡ ಹೆಂಡತಿ, ಅಥವಾ ಮದುವೆ ಆಗೋರು, ಒಂದೇ ಊರಲ್ಲಿ ಬೇಕು ಅಂದ್ರೆ ಜೋಡಿಯಾಗಿ ಲಿಸ್ಟ್ ಕೊಡ್ಬಹುದು. ಅದು ಸೇರಿದಾಗ ಮಾತ್ರ ಗಣಿತ ಸ್ವಲ್ಪ ಕೈ ಕೊಡತ್ತೆ, ಎಲ್ಲರಿಗೂ ಒಪ್ಪೋ ಹೊಂದಾಣಿಕೆ ಇದ್ದೇ ಇರತ್ತೆ ಅಂತ ಗ್ಯಾರಂಟಿ ಹೋಗತ್ತೆ, ಆದ್ರೂ ನಡ್ಸ್ಕೊಂಡು ಹೋಗ್ತಿದಾರೆ.

ಇನ್ನು ಟೇಬಲ್ಲಿನ ಆ ಕಡೆ. ನಾನೂ ಒಂದು ಪ್ರೋಗ್ರಾಂನ ರ‍್ಯಾಂಕಿಂಗ್ ಮೀಟಿಂಗಲ್ಲಿ ಕೂರ್ತೀನಿ, ಹೆಸರು ಬೇಡ. ಗೋಡೆ ಮೇಲೆ ಎಕ್ಸೆಲ್ ಶೀಟು, ಪಕ್ಕದಲ್ಲಿ ಫೋಟೋ, ಸ್ಟೆಪ್ 2 ಸ್ಕೋರು, ಅಂದ್ರೆ ಯುಎಸ್‌ಎಂಎಲ್‌ಇ ಎರಡನೇ ಹಂತದ್ದು. ಸ್ಟೆಪ್ 1 ಪಾಸು ಫೇಲು ಮಾತ್ರ ಆಗಿದೆಯಲ್ಲ 2022ರ ಜನವರಿಯಿಂದ, ಹಾಗಾಗಿ ಭಾರ ಎಲ್ಲಾ ಎರಡನೇದರ ಮೇಲೆ. ಒಬ್ರು ಈ ಹುಡುಗಿ ಮೇಲೆ ಬರ್ಲಿ ಅಂತಾರೆ, ಇನ್ನೊಬ್ರು ಇಂಟರ್ವ್ಯೂನಲ್ಲಿ ಬರೀ ತನ್ನ ಬಗ್ಗೆನೇ ಮಾತಾಡಿದ್ಲು ಅಂತಾರೆ, ಕೋಆರ್ಡಿನೇಟರ್ ಮೇಡಂ ಮೂಲೆಯಿಂದ "ಆ ಹುಡುಗ ಇಮೇಲ್‌ನಲ್ಲಿ ನನ್ನ ಹತ್ರ ದರ್ಪ ತೋರಿಸಿದ" ಅಂದ್ರೆ ಆ ಸಾಲು ಹಿಡಿದು ಕೆಳಗೆ ಎಳೀತಾರೆ, ಹೋಯ್ತು ಹದಿನೈದು ಸ್ಥಾನ. ಇದನ್ನ ಯಾವ ಅಪ್ಪನೂ ಮನೇಲಿ ಕೂತು ಊಹೆ ಮಾಡೋಕಾಗಲ್ಲ. ಇನ್ನು ಇಂಟರ್ವ್ಯೂ ಆದ್ಮೇಲೆ "ನಿಮ್ಮನ್ನ ಮೇಲೆ ಇಡ್ತೀವಿ" ಅಂತ ಬರೋ ಇಮೇಲ್‌ಗಳು, ಹುಡುಗರು ಲವ್ ಲೆಟರ್ ಅಂತಾರೆ ಅದಕ್ಕೆ, ನಂಬಿ ಲಿಸ್ಟ್ ಬದಲಾಯಿಸ್ಬೇಡಿ, ಅದಕ್ಕೆ ಯಾರೂ ಜವಾಬ್ದಾರರಲ್ಲ.

ಮೆಷಿನ್ ಇಷ್ಟು ಚೆನ್ನಾಗಿದೆ ಅಂದ ಮಾತ್ರಕ್ಕೆ ಎಲ್ಲಾ ಸರಿ ಇದೆ ಅಂತಲ್ಲ. ಅದು ಇರೋ ಸೀಟು ಹಂಚತ್ತೆ, ಹೊಸ ಸೀಟು ಹುಟ್ಸಲ್ಲ. 2025ರಲ್ಲಿ ಹೆಸರು ನೋಂದಾಯಿಸಿದೋರು 52,498, ಸೀಟು 43,237. ರೆಸಿಡೆಂಟ್‌ಗಳ ಟ್ರೈನಿಂಗ್‌ಗೆ ದುಡ್ಡು ಬಹುಪಾಲು ಸರ್ಕಾರದ ಆರೋಗ್ಯ ವಿಮೆ ಮೆಡಿಕೇರ್‌ದು, ಅದಕ್ಕೆ 1997ರ ಕಾನೂನಲ್ಲಿ ಮಿತಿ ಹಾಕಿದ್ರು, ಆಮೇಲೆ ಅಲ್ಲಿಷ್ಟು ಇಲ್ಲಿಷ್ಟು ಸೇರಿಸಿದಾರೆ. ಇಲ್ಲಿನ ಎಂಡಿ ಡಿಗ್ರಿ ಕೊಡೋ ಮೆಡಿಕಲ್ ಸ್ಕೂಲಿನ ಕೊನೇ ವರ್ಷದೋರಿಗೆ ನೂರಕ್ಕೆ 90ಕ್ಕಿಂತ ಜಾಸ್ತಿ ಜನಕ್ಕೆ ಮ್ಯಾಚ್ ಆಗತ್ತೆ, ಹೊರದೇಶದಲ್ಲಿ ಓದಿ ಬಂದ, ಇಲ್ಲಿನ ಪೌರತ್ವ ಇಲ್ದಿರೋರಿಗೆ 60ಕ್ಕಿಂತ ಸ್ವಲ್ಪ ಕಮ್ಮಿ. ಎಂಬಿಬಿಎಸ್‌ನೋರೇ, ನಿಮಗೆ ಮುಖ್ಯವಾದ ಕೆಲಸ ಲಿಸ್ಟಿನ ಕ್ರಮ ಅಲ್ಲ, ಲಿಸ್ಟಿನ ಉದ್ದ, ಅಂದ್ರೆ ಇಂಟರ್ವ್ಯೂ ಎಷ್ಟು ಸಿಗತ್ತೆ ಅನ್ನೋದು. ಸಂಬಳದ ಬಗ್ಗೆನೂ ತಕರಾರಿದೆ, ವಾರಕ್ಕೆ 80 ಗಂಟೆವರೆಗೆ ದುಡಿಸ್ಕೊಳ್ತಾರೆ, ಸಂಬಳ ಚೌಕಾಸಿ ಮಾಡೋಕೆ ದಾರಿನೇ ಇಲ್ಲ. 2002ರಲ್ಲಿ ಇದು ಪೈಪೋಟಿ ಕಾನೂನಿಗೆ ವಿರುದ್ಧ ಅಂತ ಕೆಲವು ಡಾಕ್ಟರುಗಳು ಕೋರ್ಟಿಗೆ ಹೋದ್ರು, 2004ರಲ್ಲಿ ಕಾಂಗ್ರೆಸ್, ಅಂದ್ರೆ ಇಲ್ಲಿನ ಸಂಸತ್ತು, ಪೆನ್ಷನ್‌ಗೆ ಸಂಬಂಧಪಟ್ಟ ಒಂದು ಮಸೂದೆ ಒಳಗೆ ಮ್ಯಾಚ್‌ಗೆ ರಕ್ಷಣೆ ಕೊಡೋ ಸಾಲು ಸೇರಿಸಿಬಿಡ್ತು, ಕೇಸು ಬಿದ್ದುಹೋಯ್ತು. ಪೆನ್ಷನ್ ಮಸೂದೆಲಿ! ನಂಗೆ ಆ ರೀತಿ ಸರಿ ಕಾಣಲ್ಲ, ಮ್ಯಾಚ್ ಇರ್ಬೇಕು ಅನ್ನೋನೇ ನಾನು, ಆದ್ರೂ.

ಒಂದು ಎಚ್ಚರಿಕೆ. ಲಿಸ್ಟಲ್ಲಿ ಬರೆದದ್ದೆಲ್ಲಾ ಒಪ್ಪಿಗೆ ಕೊಟ್ಟ ಹಾಗೆ. ಕವರ್ ತೆಗೆದು "ಅಯ್ಯೋ ಇಲ್ಲಿಗೆ ಹೋಗಲ್ಲ" ಅಂದ್ರೆ ನಡೆಯಲ್ಲ, ಅದು ಕರಾರು, ಕಾರಣ ಇಲ್ದೇ ಬಿಟ್ರೆ ಮುಂದಿನ ಮ್ಯಾಚ್‌ಗೂ ಬಾಗಿಲು ಮುಚ್ಬಹುದು. ಹಾಗಾಗಿ ಸಿಕ್ರೂ ಹೋಗಲ್ಲ ಅನ್ನೋ ಜಾಗ ಲಿಸ್ಟಲ್ಲಿ ಬೇಡ, ಹೋಗೋಕೆ ರೆಡಿ ಇರೋ ಜಾಗ ಒಂದೂ ಬಿಡ್ಬೇಡಿ. ಅಪ್ಪ ಅಮ್ಮಂದಿರೇ, ನಿಮ್ಮ ಆಸೆ ಏನಿದ್ರೂ ಫೆಬ್ರವರಿ ಒಳಗೆ ಹೇಳಿ ಮುಗಿಸಿ, ಶುಕ್ರವಾರ ಮಧ್ಯಾಹ್ನ ಕವರ್ ಕೈಲಿದ್ದಾಗ "ಇದು ನಿನ್ನ ಎಷ್ಟನೇ ಚಾಯ್ಸು" ಅಂತ ಮಾತ್ರ ಕೇಳ್ಬೇಡಿ. ಅವತ್ತಿಂದ ಕೆಲಸ ಶುರು ಆಗೋಕೆ ಜುಲೈ 1ರ ಆಸುಪಾಸಿನವರೆಗೆ ಮೂರು ತಿಂಗಳು ಚಿಲ್ಲರೆ ಅಷ್ಟೇ, ಅದರೊಳಗೆ ಮನೆ, ಲೈಸೆನ್ಸು, ಸಾಮಾನು ಸಾಗಿಸೋದು, ಆ ಕೆಲಸಗಳಿಗೆ ಕೈ ಹಾಕಿ, ಮಕ್ಕಳಿಗೆ ಅದೇ ದೊಡ್ಡ ಸಹಾಯ.

ಸರಿ, ಈಗ ಪ್ರಶ್ನೆ ಕೇಳಿ. ವೀಸಾ ಬಗ್ಗೆ ಕೇಳೋರು ಮೊದ್ಲು ಬನ್ನಿ, ಜೆ-1ಗೂ ಎಚ್-1ಬಿಗೂ ಇರೋ ವ್ಯತ್ಯಾಸ ಹೇಳೋಕೆ ಟೈಮ್ ಹಿಡಿಯತ್ತೆ.