ದಿನದ ಕೊನೆಗೊಂದು ಲೆಕ್ಕ

ಕೇಳುಗರಿಗೆ ನಮಸ್ಕಾರ.

ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು, ಅಂದರೆ ತಪಸ್ಸುಕಾಲ, ಬಂತೆಂದು ಕ್ರೈಸ್ತರ ಮನೆಗಳಲ್ಲಿ ಮೊದಲು ಗೊತ್ತಾಗುವುದು ಅಡುಗೆಮನೆಗೆ. ಹಿಂದಿನ ವರ್ಷದ ಗರಿಗಳ ಭಾನುವಾರದ ತಾಳೆಗರಿಗಳನ್ನು ಸುಟ್ಟ ಬೂದಿ ಹಣೆಗೆ ಬಿದ್ದ ಬುಧವಾರದಿಂದ ಕೆಲವರು ಮಾಂಸ ಬಿಡುತ್ತಾರೆ, ಕೆಲವರು ಮದ್ಯ, ಈಗೀಗ ಕೆಲವರು ಮೊಬೈಲು. ನಡುವಿನ ಭಾನುವಾರಗಳನ್ನು ಬಿಟ್ಟರೆ ಒಟ್ಟು 40 ದಿನ. ಬಿಡುವುದು ಒಳ್ಳೆಯದೇ. ಆದರೆ ಈಸ್ಟರ್ ದಿನ ಬಿರಿಯಾನಿಯ ಜೊತೆಗೇ ಹಳೆಯ ಸಿಟ್ಟೂ ಮೇಜಿಗೆ ಬಂದು ಕೂತರೆ ಆ ಉಪವಾಸ ಹೊಟ್ಟೆಯನ್ನು ದಾಟಿ ಒಳಗೆ ಇಳಿಯಲಿಲ್ಲ ಎಂದೇ ಲೆಕ್ಕ.

ಶಿಷ್ಯರು ಕೈ ತೊಳೆಯದೆ ಉಂಡರೆಂದು, ಯೆಹೂದಿ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಫರಿಸಾಯರು ತಕರಾರು ತೆಗೆದಾಗ ಯೇಸು ಹೇಳಿದ್ದು ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿದೆ: ಹೊರಗಿನಿಂದ ಒಳಹೋಗುವುದು ಮನುಷ್ಯನನ್ನು ಮಲಿನ ಮಾಡದು, ಹೃದಯದಿಂದ ಹೊರಬರುವುದೇ ಮಾಡುತ್ತದೆ. ಹಾಗಾದರೆ ಆ ಹೃದಯವನ್ನು ನೋಡಿಕೊಳ್ಳುವುದು ಯಾವಾಗ, ಹೇಗೆ?

ಇದಕ್ಕೆ ಬಹಳ ವ್ಯಾವಹಾರಿಕವಾದ ಉತ್ತರ ಕೊಟ್ಟವರು ಸಂತ ಇಗ್ನೇಷಿಯಸ್ ಲೊಯೋಲಾ. ಸೈನಿಕನ ಬದುಕು ಬದುಕಿದವರು. 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ಅವರ ಕಾಲು ಮುರಿಯಿತು. ಹಾಸಿಗೆಯಲ್ಲಿ ಮನಸ್ಸು ತಿರುಗಿತು. ಮರುವರ್ಷ ಮೊಂಟ್‌ಸೆರಾಟ್ ಮಠದಲ್ಲಿ ಇಡೀ ಬಾಳಿನ ಪಾಪಗಳನ್ನು ಬರೆದುಕೊಂಡು ಮೂರು ದಿನ ಗುರುಗಳ, ಅಂದರೆ ಪಾದ್ರಿಗಳ, ಮುಂದೆ ಪಾಪನಿವೇದನೆ ಮಾಡಿದರು. ಅಲ್ಲಿಗೆ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ಮನ್ರೇಸಾ ಊರಿನಲ್ಲಿ ತಿಂಗಳುಗಟ್ಟಲೆ ಅನುಮಾನ ಕಾಡಿತು: ಏನೋ ಹೇಳಲು ಬಿಟ್ಟಿದ್ದೇನೆ, ಸರಿಯಾಗಿ ಹೇಳಿಲ್ಲ. ಮತ್ತೆ ಗುರುಗಳ ಬಳಿ, ಮತ್ತೆ ಅದೇ ಪಾಪಗಳು. ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೆ ಹೋದರು. ದೇವರು ಬಿಡುಗಡೆ ಕೊಡುವವರೆಗೆ ಊಟವೇ ಬೇಡವೆಂದು ವಾರವಿಡೀ ಉಪವಾಸ ಕೂತಾಗ ಗುರುಗಳೇ ಗದರಿ ಉಣ್ಣಿಸಿದರು. ಕೊನೆಗೆ, ಹಳೆಯ ಪಾಪಗಳನ್ನು ಇನ್ನು ಕೆದಕುವುದಿಲ್ಲ ಎಂದು ನಿಶ್ಚಯಿಸಿದ ಮೇಲೆಯೇ ಅವರಿಗೆ ಬಿಡುಗಡೆ ಸಿಕ್ಕಿತು.

ಇದನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ನಮ್ಮಲ್ಲಿ ಭಕ್ತಿವಂತರು ಎನಿಸಿಕೊಂಡ ಹಲವರು ಈ ಮನ್ರೇಸಾದಲ್ಲೇ ಸಿಕ್ಕಿಕೊಂಡಿದ್ದಾರೆ. ತನ್ನನ್ನು ತಾನೇ ಹಳಿದುಕೊಳ್ಳುವುದನ್ನು ಶುದ್ಧಿ ಎಂದುಕೊಂಡಿದ್ದಾರೆ.

1548ರಲ್ಲಿ ಪೋಪ್ ಮೂರನೆಯ ಪೌಲರ ಒಪ್ಪಿಗೆ ಪಡೆದ ತಮ್ಮ ಧ್ಯಾನಾಭ್ಯಾಸಗಳ ಪುಸ್ತಕದಲ್ಲಿ ಇಗ್ನೇಷಿಯಸ್ ದಿನದ ಆತ್ಮಶೋಧನೆಗೆ ಐದು ಹೆಜ್ಜೆ ಹಾಕಿಕೊಟ್ಟರು. ಅದರಲ್ಲಿ ಮೊದಲನೆಯದು ಪಾಪದ ಪಟ್ಟಿ ಅಲ್ಲವೇ ಅಲ್ಲ, ಕೃತಜ್ಞತೆ! ಪಡೆದದ್ದಕ್ಕೆ ದೇವರಿಗೆ ವಂದನೆ. ಆಮೇಲೆ ನನ್ನನ್ನು ನಾನು ಕಾಣಲು ಬೆಳಕು ಕೊಡೆಂದು ಬೇಡಿಕೆ. ಬಳಿಕ ಎದ್ದ ಹೊತ್ತಿನಿಂದ ಗಂಟೆ ಗಂಟೆಯ ಲೆಕ್ಕ: ಯೋಚನೆ, ಮಾತು, ನಡೆ. ಕ್ಷಮಾಯಾಚನೆ. ನಾಳೆಗೊಂದು ಸಂಕಲ್ಪ. ಅಷ್ಟೇ.

ಇದರ ಜೊತೆಗೆ ಅವರು ಕೊಟ್ಟ ಇನ್ನೊಂದು ಅಭ್ಯಾಸ ನನಗೆ ಹೆಚ್ಚು ಇಷ್ಟ. ಒಂದೇ ಒಂದು ದೋಷವನ್ನು ಆರಿಸಿಕೊಳ್ಳಿ. ಚಾಡಿ ಎನ್ನೋಣ. ಬೆಳಿಗ್ಗೆ ಏಳುವಾಗಲೇ ಎಚ್ಚರಿಕೆ ಹೇಳಿಕೊಳ್ಳಿ. ಜಾರಿದಾಗಲೆಲ್ಲ ಎದೆಗೆ ಕೈ ಮುಟ್ಟಿಸಿ. ನಾಲ್ಕು ಜನರ ನಡುವೆಯೂ ಯಾರಿಗೂ ತಿಳಿಯದಂತೆ ಇದನ್ನು ಮಾಡಬಹುದು ಎಂದು ಅವರೇ ಬರೆದಿದ್ದಾರೆ. ಮಧ್ಯಾಹ್ನ ಒಮ್ಮೆ, ರಾತ್ರಿ ಊಟದ ಮೇಲೆ ಒಮ್ಮೆ, ಎಷ್ಟು ಸಲ ಜಾರಿದಿರೋ ಅಷ್ಟು ಚುಕ್ಕಿ. ಏಳು ದಿನಕ್ಕೆ ಏಳು ಜೋಡಿ ಗೆರೆ, ಜೋಡಿಯಲ್ಲಿ ಒಂದು ಮಧ್ಯಾಹ್ನದ ಚುಕ್ಕಿಗಳಿಗೆ, ಇನ್ನೊಂದು ರಾತ್ರಿಯವಕ್ಕೆ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಹಾಗೆ. ಸೋಮವಾರಕ್ಕಿಂತ ಮಂಗಳವಾರ ಚುಕ್ಕಿ ಕಡಿಮೆಯಾಯಿತೇ, ಈ ವಾರ ಹೋದ ವಾರಕ್ಕಿಂತ ವಾಸಿಯೇ, ಅದನ್ನು ನೋಡಿಕೊಂಡರೆ ಸಾಕು. ಅಳುವುದೇನೂ ಬೇಕಿಲ್ಲ.

ರಾತ್ರಿ ನಿದ್ದೆ ತೂಗುತ್ತದೆ ಎನ್ನುವವರು ಬಸ್ಸಿನಲ್ಲಿ ಮನೆಗೆ ಮರಳುವಾಗ ಮಾಡಬಹುದು. ಮನೆಮಂದಿಯೆಲ್ಲ ಸೇರಿ ಮಣಿಸರ ಹಿಡಿದು ಜಪಸರ ಪ್ರಾರ್ಥನೆ ಮಾಡುವ ರೂಢಿ ಇರುವಲ್ಲಿ ಅದಕ್ಕೆ ಮುಂಚೆ ಐದು ನಿಮಿಷ ಮೌನ ಸಾಕು.

ಆದರೆ ಲೆಕ್ಕ ಪುಸ್ತಕದಲ್ಲೇ ಉಳಿದರೆ ಏನು ಬಂತು? ಕಾಣಿಕೆ ಹಿಡಿದು ಬಲಿಪೀಠದ ಮುಂದೆ ನಿಂತಾಗ ಸೋದರನಿಗೆ ನಿನ್ನ ಮೇಲೆ ಬೇಸರವಿದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಇಟ್ಟು ಹೋಗಿ ರಾಜಿಯಾಗು ಎನ್ನುತ್ತಾರೆ ಯೇಸು. ಪೂಜೆ ಕಾಯಬಹುದು! ಜೆರಿಕೋವಿನ ಸುಂಕದವ ಜಕ್ಕಾಯನೂ ಕಣ್ಣೀರಲ್ಲಿ ನಿಲ್ಲಿಸಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ವಂಚಿಸಿ ತೆಗೆದದ್ದಕ್ಕೆ ನಾಲ್ಕರಷ್ಟು ವಾಪಸು ಎಂದ. ಮನೆಗೆಲಸದಾಕೆ ಜ್ವರದಲ್ಲಿ ಮಲಗಿದ ದಿನಗಳ ಸಂಬಳ ಹಿಡಿದಿದ್ದೀರಿ ಎಂದು ಇವತ್ತಿನ ಆತ್ಮಶೋಧನೆಯಲ್ಲಿ ಹೊಳೆದರೆ ನಾಳೆ ಆಕೆ ಬಂದ ಕೂಡಲೇ ಆ ಹಣವನ್ನು ಕೈಗಿಡಿ. ಪಾಪನಿವೇದನೆಗೆ ಆಮೇಲೆ ಹೋಗಬಹುದು.

ನಮಸ್ಕಾರ.